ಮನೆಯ ಹೆಸರು, ಹೊರನಾಡಿನ ಹೆಸರು: ಕೆನಡಾ ವಿಶ್ವವಿದ್ಯಾಲಯಗಳ ಕೀರ್ತಿಯ ಎರಡು ಲೆಕ್ಕಗಳು

ಬೆಳಗಾವಿಯಿಂದ ಕೊಲ್ಲಾಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿರುವ ಯಮಕನಮರಡಿಯ ಸುತ್ತಮುತ್ತ ಒಂದು ತಲೆಮಾರಿನ ಹಿಂದೆ ಉನ್ನತ ಶಿಕ್ಷಣವೆಂದರೆ ಬೆಳಗಾವಿ, ಧಾರವಾಡ ಅಥವಾ ಕೊಲ್ಲಾಪುರ ಎಂಬ ಭಾವನೆಯಿತ್ತು. ಇಂದು ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ವ್ಯಾಪಾರಿ ಹಾಗೂ ಕೃಷಿಕ ಕುಟುಂಬಗಳ ಮಾತಿನಲ್ಲಿ ಕೆನಡಾ ದೇಶದ ಹೆಸರೂ ಸೇರಿಕೊಂಡಿದೆ. ಹೀಗೆ ಮಾತು ಬಂದಾಗ ಮೊದಲು ಕೇಳಲಾಗುವ ಪ್ರಶ್ನೆ, 'ಆ ವಿಶ್ವವಿದ್ಯಾಲಯಕ್ಕೆ ಹೆಸರಿದೆಯೇ?' ಎಂಬುದು. ಪ್ರಶ್ನೆ ಸಮಂಜಸವೇ ಆಗಿದೆ. ಆದರೆ ಅದು ಅರ್ಧ ಪ್ರಶ್ನೆ ಮಾತ್ರ. ಯಾರಲ್ಲಿ ಹೆಸರಿದೆ ಎಂಬುದು ಉಳಿದರ್ಧ.

ಬೆಲ್ಲದ ವ್ಯಾಪಾರ ಬಲ್ಲವರಿಗೆ ಈ ವ್ಯತ್ಯಾಸ ಹೊಸದಲ್ಲ. ಸ್ಥಳೀಯ ಪೇಟೆಯಲ್ಲಿ ಬಣ್ಣ ನೋಡಿ, ಮುರಿದು, ರುಚಿ ನೋಡಿ ದರ ಕಟ್ಟುತ್ತಾರೆ. ಬೆಳೆಗಾರನ ಹೆಸರೇ ಅಲ್ಲಿ ಪತ್ತು. ಹೊರದೇಶದ ಖರೀದಿದಾರ ಪ್ರಯೋಗಾಲಯದ ವರದಿ ಕೇಳುತ್ತಾನೆ. ಸರಕು ಒಂದೇ, ಸಾಕ್ಷ್ಯ ಬೇರೆ. ವಿಶ್ವವಿದ್ಯಾಲಯಗಳ ಕೀರ್ತಿಯೂ ಹೀಗೆಯೇ ಎರಡು ತಕ್ಕಡಿಗಳಲ್ಲಿ ತೂಗುತ್ತದೆ.

ಕೆನಡಿಯನ್ನರ ತಕ್ಕಡಿ

ಕೆನಡಾದಲ್ಲಿ 'ಮ್ಯಾಕ್ಲೀನ್ಸ್' ಪತ್ರಿಕೆ 1991ರಿಂದ ತನ್ನ ದೇಶದ ವಿಶ್ವವಿದ್ಯಾಲಯಗಳ ಶ್ರೇಣಿಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಈ ಪಟ್ಟಿ ಎಲ್ಲ ಸಂಸ್ಥೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ವೈದ್ಯಕೀಯ ಮತ್ತು ಡಾಕ್ಟರೇಟ್ ಶಿಕ್ಷಣವುಳ್ಳವು, ಬಹುವಿಷಯಗಳ ಸಮಗ್ರ ವಿಶ್ವವಿದ್ಯಾಲಯಗಳು, ಮುಖ್ಯವಾಗಿ ಪದವಿ ಶಿಕ್ಷಣ ನೀಡುವವು ಎಂದು ಮೂರು ವರ್ಗಗಳನ್ನು ಮಾಡುತ್ತದೆ. ಮೂರನೆಯ ವರ್ಗದಲ್ಲಿ ಅನೇಕ ಬಾರಿ ಪ್ರಥಮ ಸ್ಥಾನ ಪಡೆದಿರುವುದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸ್ಯಾಕ್‌ವಿಲ್ ಎಂಬ ಸಣ್ಣ ಊರಿನ ಮೌಂಟ್ ಆಲಿಸನ್. 1839ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಕಲಿಯುವವರು ಎರಡು ಸಾವಿರಕ್ಕಿಂತ ತುಸು ಹೆಚ್ಚು ವಿದ್ಯಾರ್ಥಿಗಳು ಮಾತ್ರ. ಕೆನಡಾದಲ್ಲಿ ಅದಕ್ಕೆ ಗೌರವದ ಹೆಸರಿದೆ. ನಮ್ಮ ಭಾಗದಲ್ಲಿ ಅದನ್ನು ಕೇಳಿದವರು ಸಿಗುವುದೇ ಕಷ್ಟ.

ಅಂತರರಾಷ್ಟ್ರೀಯ ಪಟ್ಟಿಗಳ ತೂಕದ ಕಲ್ಲುಗಳು ಬೇರೆ. 2003ರಲ್ಲಿ ಆರಂಭವಾದ ಶಾಂಘೈ ಪಟ್ಟಿ ನೊಬೆಲ್ ಪ್ರಶಸ್ತಿ, ಉನ್ನತ ವೈಜ್ಞಾನಿಕ ಪತ್ರಿಕೆಗಳಲ್ಲಿನ ಲೇಖನ ಮುಂತಾದವುಗಳನ್ನು ಎಣಿಸುತ್ತದೆ. ಕ್ಯೂಎಸ್ ಪಟ್ಟಿಯಲ್ಲಿ ವಿಶ್ವದ ಪ್ರಾಧ್ಯಾಪಕರ ಅಭಿಪ್ರಾಯಕ್ಕೆ ಬಹುಕಾಲ ಶೇ. 40ರಷ್ಟು ತೂಕವಿತ್ತು, 2024ರ ಆವೃತ್ತಿಯಿಂದ ಅದು ಶೇ. 30ಕ್ಕೆ ಇಳಿದಿದೆ. ಸಂಶೋಧನೆ ಹೆಚ್ಚಿರುವ ದೊಡ್ಡ ಸಂಸ್ಥೆಗಳು ಇಂತಹ ಲೆಕ್ಕದಲ್ಲಿ ಸಹಜವಾಗಿ ಮೇಲೇರುತ್ತವೆ. ಕ್ಯೂಎಸ್‌ನ 2025ರ ಆವೃತ್ತಿಯಲ್ಲಿ ಟೊರಾಂಟೊ 25ನೆಯ, ಮೆಕ್‌ಗಿಲ್ 29ನೆಯ, ಬ್ರಿಟಿಷ್ ಕೊಲಂಬಿಯಾ 38ನೆಯ ಸ್ಥಾನದಲ್ಲಿದ್ದವು.

ಅದೇ ಆವೃತ್ತಿಯಲ್ಲಿ ವಾಟರ್ಲೂ ವಿಶ್ವವಿದ್ಯಾಲಯ ಮೊದಲ ನೂರರ ಹೊರಗಿತ್ತು. ಆದರೆ ಕೆನಡಾದ ಇಂಜಿನಿಯರಿಂಗ್ ಮತ್ತು ಗಣಕ ಉದ್ದಿಮೆಗಳಲ್ಲಿ ಅದರ ಪದವೀಧರರಿಗೆ ಇರುವ ಬೇಡಿಕೆಯನ್ನು ಈ ಅಂಕಿ ತಿಳಿಸುವುದಿಲ್ಲ. 1957ರಲ್ಲಿ ಸ್ಥಾಪನೆಯಾದಂದಿನಿಂದಲೂ ಅಲ್ಲಿ ಓದು ಮತ್ತು ಉದ್ಯೋಗವನ್ನು ಸರದಿಯಂತೆ ಜೋಡಿಸಿದ ಪದ್ಧತಿಯಿದೆ. ವಿದ್ಯಾರ್ಥಿ ಸಾಮಾನ್ಯವಾಗಿ ನಾಲ್ಕು ತಿಂಗಳು ತರಗತಿಯಲ್ಲಿ, ನಾಲ್ಕು ತಿಂಗಳು ಸಂಬಳ ಪಡೆಯುವ ಕೆಲಸದಲ್ಲಿ ಇರುತ್ತಾನೆ. ಪದವಿ ಕೈಸೇರುವ ಹೊತ್ತಿಗೆ ಉದ್ದಿಮೆಗೆ ಅವನು, ಅವನಿಗೆ ಉದ್ದಿಮೆ ಪರಿಚಿತವಾಗಿರುತ್ತದೆ. ಅಲ್ಲಿನ ಉದ್ಯೋಗದಾತನ ದೃಷ್ಟಿಯಲ್ಲಿ ಇದು ಪಟ್ಟಿಯ ಸ್ಥಾನಕ್ಕಿಂತ ಹೆಚ್ಚಿನ ಸಾಕ್ಷ್ಯ.

ನಮ್ಮ ಜಿಲ್ಲೆಯ ನಿದರ್ಶನ

ಮನೆಯ ಹೆಸರು ಮತ್ತು ಹೊರಗಿನ ಹೆಸರಿನ ನಡುವಿನ ಅಂತರಕ್ಕೆ ಉದಾಹರಣೆ ಹುಡುಕಲು ಕೆನಡಾಕ್ಕೇ ಹೋಗಬೇಕಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಕೆಎಲ್‌ಇ ಸಂಸ್ಥೆಯಿಂದ ಆರಂಭವಾಯಿತು. ಜಿಲ್ಲೆಯ ಜನರಿಗೆ ಅದು ಪ್ರಧಾನವಾಗಿ ವೈದ್ಯಕೀಯ ಸೀಟು ಹಾಗೂ ದೊಡ್ಡ ಆಸ್ಪತ್ರೆಯ ಮೂಲಕ ಪರಿಚಿತ. ಹೊರದೇಶದ ವೈದ್ಯವಿಜ್ಞಾನಿಗಳಿಗೆ ಅದರ ಪರಿಚಯ ಬೇರೊಂದು ದಾರಿಯಿಂದ ಆಗಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರನ್ನು ಒಳಗೊಂಡು ಈ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ನಡೆಸಿದ ಅಧ್ಯಯನ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗ್ರಾಮೀಣ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಮಾತ್ರೆ ನೀಡಿದಾಗ ಹೆರಿಗೆಯ ನಂತರದ ಅಪಾಯಕಾರಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿದುದನ್ನು ಅದು ತೋರಿಸಿತು. ನಮ್ಮ ಹಳ್ಳಿಗಳಲ್ಲಿಯೇ ಗಳಿಸಿದ ಈ ಕೀರ್ತಿ ನಮ್ಮ ಪೇಟೆಯ ಮಾತಿನಲ್ಲಿ ವಿರಳ.

ಇದಕ್ಕೆ ವಿರುದ್ಧವಾದುದು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ಥಿತಿ. ಕರ್ನಾಟಕದಲ್ಲಿ 'ವಿಟಿಯು' ಎಂದರೆ ವಿವರಣೆ ಬೇಕಿಲ್ಲ. ರಾಜ್ಯಾದ್ಯಂತ ಹರಡಿದ ಕಾಲೇಜುಗಳಿಗೆ ಪಠ್ಯ, ಪರೀಕ್ಷೆ, ಪದವಿ ನೀಡುವ ಸಂಯೋಜನಾ ಸ್ವರೂಪದ ವಿಶ್ವವಿದ್ಯಾಲಯವದು. ಸಂಶೋಧನೆಯನ್ನೇ ಮುಖ್ಯವಾಗಿ ತೂಗುವ ವಿಶ್ವಪಟ್ಟಿಗಳಲ್ಲಿ ಇಂತಹ ಸಂಸ್ಥೆಯ ಸೇವೆ ಎದ್ದು ಕಾಣುವುದಿಲ್ಲ. ಸಾವಿರಾರು ಗ್ರಾಮೀಣ ಕುಟುಂಬಗಳಿಗೆ ಮೊದಲ ಇಂಜಿನಿಯರ್‌ನನ್ನು ಕೊಟ್ಟ ಸಾಧನೆಯನ್ನು ಎಣಿಸುವ ಕಾಲಂ ಆ ಪಟ್ಟಿಗಳಲ್ಲಿಲ್ಲ.

ಬಂಡವಾಳ ಹೂಡುವ ಮುನ್ನ

ಹೆಸರಿನ ಲೆಕ್ಕ ತಪ್ಪಿದರೆ ಬೆಲೆ ತೆರುವುದು ಕುಟುಂಬ. 2025ರ ಸೆಪ್ಟೆಂಬರ್ 1ರಿಂದ, ಕ್ವಿಬೆಕ್ ಹೊರತಾದ ಪ್ರಾಂತ್ಯಗಳಿಗೆ ಅರ್ಜಿ ಹಾಕುವ ಒಬ್ಬ ವಿದ್ಯಾರ್ಥಿ ಬೋಧನಾ ಶುಲ್ಕ ಮತ್ತು ಪ್ರಯಾಣ ವೆಚ್ಚವಲ್ಲದೆ ಜೀವನ ವೆಚ್ಚಕ್ಕೆಂದೇ 22,895 ಕೆನಡಾ ಡಾಲರ್ ತೋರಿಸಬೇಕೆಂದು ಆ ಸರ್ಕಾರ ನಿಗದಿಪಡಿಸಿತು. 2023ರವರೆಗೆ ಈ ಮೊತ್ತ 10,000 ಡಾಲರ್ ಆಗಿತ್ತು. ಶಿಕ್ಷಣ ಸಾಲ 7.5 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಕೃಷಿ ಜಮೀನನ್ನು ಅದಕ್ಕೆ ಒಪ್ಪುವುದು ಕಡಿಮೆ. ಹತ್ತಾರು ಎಕರೆ ಕಬ್ಬಿನ ಹೊಲವಿದ್ದರೂ ಪೇಟೆಯ ಮನೆ ಅಥವಾ ಅಂಗಡಿಯನ್ನೇ ಅಡವಿಡಬೇಕಾದೀತು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕೆನಡಾದಲ್ಲಿ ಶಿಕ್ಷಣ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ್ದು. ನಮ್ಮ ನ್ಯಾಕ್‌ನಂತೆ ಇಡೀ ದೇಶಕ್ಕೆ ಒಂದೇ ಮಾನ್ಯತಾ ಮಂಡಳಿ ಅಲ್ಲಿಲ್ಲ. ಅಲ್ಲಿ 'ಕಾಲೇಜು' ಮತ್ತು 'ವಿಶ್ವವಿದ್ಯಾಲಯ' ಎಂಬ ಪದಗಳಿಗೂ ಭಿನ್ನ ಅರ್ಥಗಳಿವೆ. ಕೆಲವು ಸರ್ಕಾರಿ ಕಾಲೇಜುಗಳ ಪಠ್ಯಕ್ರಮವನ್ನು ಒಪ್ಪಂದದ ಮೇಲೆ ಖಾಸಗಿ ಸಂಸ್ಥೆಗಳು ಬೋಧಿಸುತ್ತಿದ್ದವು. ಪ್ರಮಾಣಪತ್ರದ ಮೇಲಿನ ಹೆಸರು ಒಂದು, ಪಾಠ ನಡೆಯುವ ಕಟ್ಟಡ ಇನ್ನೊಂದು. 2024ರ ಮೇ 15ರ ನಂತರ ಇಂತಹ ಕೋರ್ಸು ಆರಂಭಿಸಿದವರಿಗೆ ವ್ಯಾಸಂಗಾನಂತರದ ಉದ್ಯೋಗ ಪರವಾನಗಿ ದೊರೆಯದಂತೆ ಕೆನಡಾ ನಿಯಮ ಬದಲಿಸಿತು. ದೇಶದ ಹೆಸರನ್ನಷ್ಟೇ ನಂಬಿ, ಸಂಸ್ಥೆಯ ಹೆಸರನ್ನು ವಿಚಾರಿಸದಿರುವುದರ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದ ಮೊದಲು ನಿರ್ಧರಿಸಬೇಕಾದುದು ಪದವಿಯನ್ನು ಯಾವ ಪೇಟೆಯಲ್ಲಿ ಬಳಸಬೇಕೆಂಬುದನ್ನು. ಮಗ ಅಥವಾ ಮಗಳು ಕೆನಡಾದಲ್ಲಿ ಉದ್ಯೋಗ ಅರಸುವುದಾದರೆ, ಆಯಾ ಪ್ರಾಂತ್ಯದ ಉದ್ಯೋಗದಾತರಲ್ಲಿ ಆ ವಿಭಾಗಕ್ಕಿರುವ ಹೆಸರು ಮತ್ತು ಉದ್ಯೋಗ ಸಹಿತ ಶಿಕ್ಷಣದ ಅವಕಾಶ ಮುಖ್ಯ. ಸಂಶೋಧನೆಯೇ ಗುರಿಯಾದರೆ ವಿಶ್ವಪಟ್ಟಿಗೆ ಬೆಲೆಯಿದೆ. ಅಲ್ಲಿಯೂ ಸಂಸ್ಥೆಗಿಂತ ವಿಭಾಗದ ಸ್ಥಾನವನ್ನು ನೋಡುವುದು ಲೇಸು. ಹಿಂದಿರುಗಿ ಇಲ್ಲಿಯೇ ನೌಕರಿ ಮಾಡುವ ಆಲೋಚನೆಯಿದ್ದರೆ ಪದವಿಯ ತತ್ಸಮಾನತೆಯನ್ನು ಮುಂಚಿತವಾಗಿ ವಿಚಾರಿಸಬೇಕು. ವಿದೇಶಿ ಪದವಿಗಳ ಮಾನ್ಯತೆಯ ಕುರಿತು ಯುಜಿಸಿ 2025ರ ಏಪ್ರಿಲ್‌ನಲ್ಲಿ ನಿಯಮಾವಳಿ ಪ್ರಕಟಿಸಿದೆ. ವೈದ್ಯಕೀಯ, ಕಾನೂನು ಮುಂತಾದ ವೃತ್ತಿ ಪದವಿಗಳು ಆಯಾ ಮಂಡಳಿಗಳ ನಿಯಮಕ್ಕೆ ಒಳಪಡುತ್ತವೆ. ಮರಳಿ ತಂದೆಯ ಅಂಗಡಿ ಅಥವಾ ಕಾರ್ಖಾನೆ ನೋಡಿಕೊಳ್ಳುವುದಾದರೆ ಪಟ್ಟಿಯ ಸ್ಥಾನವನ್ನು ಕೇಳುವವರೇ ಇಲ್ಲ. ಕಲಿತ ವಿದ್ಯೆಯೊಂದೇ ಲಾಭ.

ಯಮಕನಮರಡಿಯ ವ್ಯಾಪಾರಿ ಸರಕು ತುಂಬಿಸುವ ಮುನ್ನ ಅದು ಹೋಗುವ ಪೇಟೆಯ ದರ ಕೇಳುತ್ತಾನೆ. ಮಕ್ಕಳ ಶಿಕ್ಷಣಕ್ಕೆ ಮನೆಯನ್ನೇ ಒತ್ತೆ ಇಡುವ ಸಂದರ್ಭದಲ್ಲಿ ಅದೇ ವಿವೇಕವನ್ನು ಕೈಬಿಡಬಾರದು.