ಫೆಲ್ಟ್ ಟೋಪಿಯ ಅಂಚು ಸರಿಪಡಿಸಲು ಬೇಕಾದದ್ದು ಹಬೆ, ನೀರಲ್ಲ

ಸೂಟ್‌ಕೇಸಿನಲ್ಲಿ ಬಟ್ಟೆಗಳ ಅಡಿಗೆ ಸಿಕ್ಕಿ ಅಂಚು ಸೊಟ್ಟಗಾದ ಫೆಲ್ಟ್ ಟೋಪಿಯನ್ನು ನೋಡಿ ‘ಇದರ ಕಥೆ ಮುಗಿಯಿತು’ ಎನ್ನುವವರೇ ಹೆಚ್ಚು. ಮುಗಿದಿರುವುದಿಲ್ಲ. ಫೆಲ್ಟ್ ನೇಯ್ದ ಬಟ್ಟೆಯಲ್ಲ, ಅದಕ್ಕೆ ಹಾಸೂ ಇಲ್ಲ ಹೊಕ್ಕೂ ಇಲ್ಲ. ಕುರಿಯ ಉಣ್ಣೆಯನ್ನೋ ಮೊಲದ ತುಪ್ಪಳವನ್ನೋ ಬಿಸಿಯಲ್ಲಿ, ತೇವದಲ್ಲಿ ಚೆನ್ನಾಗಿ ತಿಕ್ಕಿದಾಗ ಎಳೆಗಳ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಆಗುವ ದಟ್ಟ ಹಾಳೆ ಅದು. ಬಿಸಿಯಲ್ಲಿ ಆಕಾರ ಪಡೆದದ್ದು ಬಿಸಿಗೆ ಮತ್ತೆ ಮಣಿಯುತ್ತದೆ.

ಆದರೆ ಇಲ್ಲೇ ಮೊದಲ ತಪ್ಪು ನುಸುಳುತ್ತದೆ: ಬಕೆಟ್ಟಿನಲ್ಲಿ ನೆನೆಸಿ, ಬೇಕಾದಂತೆ ಬಗ್ಗಿಸಿ, ಬಿಸಿಲಿಗಿಟ್ಟರಾಯಿತು ಎಂಬ ನಂಬಿಕೆ. ಟೋಪಿ ಹಾಳಾಗುವುದು ಹೆಚ್ಚಾಗಿ ಹೀಗೆಯೇ. ಕಂಬಳಿಯನ್ನು ಬಿಸಿನೀರಲ್ಲಿ ಒಗೆಯಬಾರದೆಂದು ನಮ್ಮ ಮನೆಗಳ ಹಿರಿಯರಿಗೆ ಗೊತ್ತಿತ್ತು. ಪೂರ್ತಿ ನೆಂದ ಉಣ್ಣೆಯ ಟೋಪಿ ಬಿಸಿಲಲ್ಲಿ ಒಣಗುತ್ತ ಕುಗ್ಗುತ್ತದೆ. ಅಂಚು ಸರಿಯಾದರೂ ಟೋಪಿ ತಲೆಗೆ ಇಳಿಯುವುದಿಲ್ಲ.

ಎರಡನೆಯ ನಂಬಿಕೆ, ಅಂಚು ಗಟ್ಟಿಯಾಗಿ ನಿಲ್ಲುವುದು ಉಣ್ಣೆಯ ಬಲದಿಂದಲೇ ಎಂಬುದು. ಬಹಳಷ್ಟು ಟೋಪಿಗಳಲ್ಲಿ ಆ ಬಿಗಿತಕ್ಕೆ ಕಾರಣ ಫೆಲ್ಟಿಗೆ ಉಣಿಸಿದ ಅಂಟು. ಟೋಪಿ ತಯಾರಕರು ಬಹುಕಾಲದಿಂದ ಬಳಸುತ್ತ ಬಂದದ್ದು ಶೆಲ್ಯಾಕ್, ಅಂದರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವ ಅರಗು ಇದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅದು ಕರಗಿ ಹರಡುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಟೋಪಿಯ ಅಂಚಿನಲ್ಲೂ ನಡೆಯುವುದು ಅದೇ. ಹಬೆ ತಾಗಿದಾಗ ಅರಗೂ ಎಳೆಗಳೂ ಸಡಿಲವಾಗುತ್ತವೆ. ತಣಿಯುವಾಗ ಅಂಚು ಯಾವ ರೂಪದಲ್ಲಿದೆಯೋ ಆ ರೂಪವೇ ಉಳಿಯುತ್ತದೆ.

ಹಾಗಾಗಿ ‘ಹಬೆ ಹೆಚ್ಚಾದಷ್ಟೂ ಒಳ್ಳೆಯದು’ ಎಂಬುದೂ ಸುಳ್ಳು. ಕುದಿಯುವ ಕೆಟಲಿನ ಮೂತಿಯಿಂದ ಒಂದು ಗೇಣು ದೂರದಲ್ಲಿ ಅಂಚಿನ ಒಂದು ಭಾಗವನ್ನಷ್ಟೇ ಹಿಡಿಯಿರಿ. ಬೆರಳಿಗೆ ಮೆತ್ತಗೆನಿಸಿದ ಕೂಡಲೇ ಹೊರಗೆ ತನ್ನಿ. ಅಂಗೈಯಿಂದ ನಿಧಾನವಾಗಿ ಬಾಗಿಸಿ, ಮಡಿಸಬೇಡಿ, ಗೆರೆ ಬಿದ್ದರೆ ಅಳಿಸುವುದು ಕಷ್ಟ. ಆಮೇಲೆ ಕೈ ಬಿಡದೆ, ತಣ್ಣಗಾಗುವವರೆಗೆ ಹಾಗೇ ಹಿಡಿದಿರಿ. ಹೆಚ್ಚಿನವರು ಸೋಲುವುದು ಇಲ್ಲಿ: ಹಬೆ ಹಿಡಿಯಲು ಇರುವ ಉತ್ಸಾಹ ತಣಿಸಲು ಇರುವುದಿಲ್ಲ. ಅಂಚಿನ ಅಡಿಗೆ ಸುತ್ತಿದ ಟವೆಲ್ ಇಟ್ಟು ರಾತ್ರಿಯಿಡೀ ಬಿಟ್ಟರೆ ಇನ್ನೂ ಮೇಲು. ಒಳಗಿನ ಚರ್ಮದ ಪಟ್ಟಿಗೆ ಮಾತ್ರ ಹಬೆ ತಾಗಬಾರದು, ಬಿಸಿಗೆ ಚರ್ಮ ಸುರುಟಿ ಟೋಪಿ ಬಿಗಿಯಾಗುತ್ತದೆ.

ಇಸ್ತ್ರಿ ಮುಟ್ಟಿಸಲೇಬಾರದು ಎನ್ನುವವರಿದ್ದಾರೆ. ಚಪ್ಪಟೆ ಅಂಚಿಗೆ ಒದ್ದೆ ಹತ್ತಿಬಟ್ಟೆ ಹಾಸಿ ಹದವಾದ ಬಿಸಿಯಲ್ಲಿ ಒತ್ತಬಹುದು. ನೇರವಾಗಿ ಇಟ್ಟರೆ ಫೆಲ್ಟ್ ಸುಡುತ್ತದೆ, ಇಲ್ಲವೇ ಕೆಟ್ಟ ಹೊಳಪು ಬರುತ್ತದೆ. ಮಳೆಗೆ ನೆಂದರೆ ಟೋಪಿ ಹೋಯಿತೆಂಬ ಭಯವೂ ಬೇಡ. ಹೇರ್ ಡ್ರೈಯರ್ ತರದೆ, ನೆತ್ತಿ ಕೆಳಗೆ ಮಾಡಿ ಗಾಳಿಯಾಡುವ ಕೋಣೆಯಲ್ಲಿ ತಾನಾಗಿ ಒಣಗಲು ಬಿಡಿ. ಅಂಚನ್ನು ಕೆಳಗೆ ಮಾಡಿಟ್ಟರೆ ಇಡೀ ಭಾರ ಅದರ ಮೇಲೆಯೇ ಬಿದ್ದು ಮತ್ತೆ ಸೊಟ್ಟಗಾಗುತ್ತದೆ.

ಕೊನೆಗೆ, ‘ಎಷ್ಟು ಹಳೆಯ ಟೋಪಿಯಾದರೂ ಹಬೆ ಹಿಡಿಯಬಹುದು’ ಎಂಬ ನಂಬಿಕೆ. ಇದು ಅಪಾಯಕಾರಿ. ಹಿಂದೆ ಮೊಲದ ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲೆಂದು ಅದಕ್ಕೆ ಪಾದರಸದ ಸಂಯುಕ್ತ ಬಳಿಯುತ್ತಿದ್ದರು. ಅಮೆರಿಕದ ಡ್ಯಾನ್‌ಬರಿ ಊರಿನ ಟೋಪಿ ಕೆಲಸಗಾರರಿಗೆ ಅದರಿಂದ ಬಂದ ಕೈ ನಡುಕಕ್ಕೆ ಆ ಊರಿನ ಹೆಸರೇ ಅಂಟಿತು. ಅಲ್ಲಿ ಆ ಬಳಕೆ ನಿಂತದ್ದು 1941ರಲ್ಲಿ. ಅಜ್ಜನ ಪೆಟ್ಟಿಗೆಯಲ್ಲಿ ಅಷ್ಟು ಹಳೆಯ ವಿದೇಶಿ ಟೋಪಿ ಸಿಕ್ಕರೆ ಅದರ ಅಂಚು ಸೊಟ್ಟಗಿದ್ದರೂ ಕೆಟಲಿನ ಹತ್ತಿರ ಒಯ್ಯಬೇಡಿ.