ಕವಿಗಳಿದ್ದಾರೆ, ಕೇಳುವವರಿಗೆ ಕುರ್ಚಿ ಹಾಕೋಣ

ನಮ್ಮ ಹಾಸನ ಜಿಲ್ಲೆಯ ತಾಲ್ಲೂಕು ಸಾಹಿತ್ಯ ಸಮ್ಮೇಳನಗಳಲ್ಲಿ ಕವಿಗೋಷ್ಠಿಗೆ ಸಿಗುವ ಹೊತ್ತು ಸಾಮಾನ್ಯವಾಗಿ ಊಟದ ನಂತರದ್ದು. ಧ್ವಜಾರೋಹಣ, ಮೆರವಣಿಗೆ, ಉದ್ಘಾಟನೆ, ಗಣ್ಯರ ಮಾತು ಮುಗಿಯುವಷ್ಟರಲ್ಲಿ ಗಡಿಯಾರ ಮುಂದೆ ಓಡಿರುತ್ತದೆ. ನಿರೂಪಕರು ಒಬ್ಬೊಬ್ಬರ ಹೆಸರು ಕರೆಯುವಾಗಲೂ 'ಒಂದೇ ಕವನ, ಚಿಕ್ಕದಿರಲಿ' ಎಂದು ಕೇಳಿಕೊಳ್ಳುತ್ತಾರೆ. ಓದಿದವರು ಪ್ರಮಾಣಪತ್ರ ಪಡೆದು, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಗೋಷ್ಠಿಯ ಅಧ್ಯಕ್ಷರು ಎಲ್ಲ ಕವನಗಳನ್ನೂ ಗುರುತು ಹಾಕಿಕೊಂಡು ಮಾತಿಗೆ ನಿಲ್ಲುವ ಹೊತ್ತಿಗೆ, ಆ ಕವನಗಳನ್ನು ಬರೆದವರಲ್ಲಿ ಅರ್ಧ ಜನ ಎದುರಿಗೆ ಇರುವುದಿಲ್ಲ.

ಹೊರಟವರನ್ನು ನಾನು ದೂರಲಾರೆ. ಹೊಳೆನರಸೀಪುರದವರಿಗೆ ಮೈಸೂರು ಮಾರ್ಗದ ರೈಲಿದೆ, ಚನ್ನರಾಯಪಟ್ಟಣದವರಿಗೆ ಬೆಂಗಳೂರು ಮಾರ್ಗದ್ದು. ಅರಕಲಗೂಡಿಗೆ ರೈಲೇ ಇಲ್ಲ. ರಾಮನಾಥಪುರದಿಂದಲೋ ಕೊಣನೂರಿನಿಂದಲೋ ಹಾಸನಕ್ಕೆ ಬಂದು ಕವನ ಓದುವ ಹೆಣ್ಣುಮಗಳು ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕು. ತಡವಾದ ಗೋಷ್ಠಿ ಮೊದಲು ಕಳೆದುಕೊಳ್ಳುವುದು ಅಂಥವರನ್ನು.

ಕವಿಗಳಿಗೆ ಇಲ್ಲಿ ಬರವಿಲ್ಲ. ನವೆಂಬರ್ ಬಂದರೆ ರಾಜ್ಯೋತ್ಸವದ ಗೋಷ್ಠಿಗಳಿಗೆ ಹೆಸರು ಕೊಡುವವರ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅಧ್ಯಾಪಕರು, ನರ್ಸ್‌ಗಳು, ಬಸ್ ಕಂಡಕ್ಟರ್‌ಗಳು, ಆಲೂಗೆಡ್ಡೆ ಬೆಳೆಯುವ ರೈತರು ಬರೆಯುವ ನಾಡಿದು. ಬರವಿರುವುದು ಬರೆಯದೆ ಬರೀ ಕೇಳಲೆಂದು ಬರುವವರಿಗೆ. ಅವರನ್ನು ನಾವು ಕರೆಯುವುದನ್ನೇ ಬಿಟ್ಟಿದ್ದೇವೆ. ಬಂದರೂ ಅವರಿಗೆ ಅಲ್ಲಿ ಮಾಡಲು ಕೆಲಸವಿಲ್ಲ.

ಕೇಳುಗನಿಗೆ ಕೆಲಸ ಕೊಡಬೇಕೆಂದು ಹೊರಟವರಲ್ಲಿ ಷಿಕಾಗೊದ ಮಾರ್ಕ್ ಸ್ಮಿತ್ ಒಬ್ಬ. ಕಟ್ಟಡ ಕಾರ್ಮಿಕನಾಗಿ ದುಡಿಯುತ್ತಿದ್ದ ಈ ಕವಿ 1984ರಲ್ಲಿ ಒಂದು ಬಾರ್‌ನಲ್ಲಿ ಕವನ ಓದುವ ಸಂಜೆಗಳನ್ನು ಆರಂಭಿಸಿದ. 1986ರಲ್ಲಿ ಅದು ಗ್ರೀನ್ ಮಿಲ್ ಎಂಬ ಜಾಗಕ್ಕೆ ಹೋಗಿ 'ಪೊಯೆಟ್ರಿ ಸ್ಲ್ಯಾಮ್' ಎಂಬ ಹೆಸರಿನಲ್ಲಿ ನೆಲೆಯಾಯಿತು. ಸಭಿಕರಲ್ಲೇ ಐವರನ್ನು ಆರಿಸುತ್ತಾರೆ, ಅವರು ವಿಮರ್ಶಕರಾಗಿರಬೇಕಿಲ್ಲ. ಒಂದೊಂದು ಕವನಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಕವಿಗೆ ಸಿಗುವುದು ಮೂರು ನಿಮಿಷ. ಮೀರಿದರೆ ಅಂಕ ಕಡಿತ. ಓಪನ್ ಮೈಕ್ ಎಂಬ ಇನ್ನೊಂದು ಬಗೆಯಲ್ಲಿ ಈ ಸ್ಪರ್ಧೆಯಿಲ್ಲ. ಹೆಸರು ಬರೆಸಿದವರಿಗೆಲ್ಲ ಸರದಿ ಬರುತ್ತದೆ. ಬೆಂಗಳೂರಿನ ಅಟ್ಟ ಗಲಾಟದಂಥ ಪುಸ್ತಕದಂಗಡಿಗಳಲ್ಲಿ ಇಂಥ ಸಂಜೆಗಳಿಗೆ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಬರೆದುಕೊಂಡ ಸಾಲುಗಳೊಂದಿಗೆ ಬರುತ್ತಾರೆ.

ಕೇಳುವವರೇ ತೀರ್ಪು ಹೇಳುವುದು ನಮಗೆ ತೀರ ಹೊಸದೂ ಅಲ್ಲ. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಎದುರುಬದುರು ಕೂತು ಬೀಗರ ಹಾಡು ಹೇಳುವುದನ್ನು ಕೇಳಿದವರಿಗೆ ಇದು ಗೊತ್ತು. ಬೀಗಿತ್ತಿಯ ಜಂಬವನ್ನೋ, ಬೀಗರು ತಂದ ಸೀರೆಯನ್ನೋ ಹಿಡಿದು ಒಬ್ಬಾಕೆ ಪದ ಎತ್ತಿದರೆ, ಆ ಕಡೆಯಿಂದ ನಿಂತ ನಿಲುವಿನಲ್ಲೇ ಉತ್ತರ ಬರಬೇಕು. ಯಾರ ಪದ ಚುರುಕೆಂದು ಹೇಳುವುದು ಸುತ್ತ ಕೂತವರ ನಗು. ನಾಲ್ಕಾರು ದಶಕ ಹಿಂದೆ ನಮ್ಮ ಸೀಮೆಯ ಮದುವೆಗಳಲ್ಲಿ ಇದು ಮಾಮೂಲು. ಈಗ ಕಲ್ಯಾಣ ಮಂಟಪದ ಧ್ವನಿವರ್ಧಕದೆದುರು ಅಪರೂಪ. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 'ಹಳ್ಳಿಯ ಹಾಡುಗಳು' ಸಂಗ್ರಹಿಸಿದ್ದು ಬಾಯಿಂದ ಬಾಯಿಗೆ ಬಂದ ಇಂಥ ಸಂಪತ್ತನ್ನೇ. ಅಕ್ಷರ ಬಾರದ ಎಷ್ಟೋ ಹೆಂಗಸರು ಒಳ್ಳೆಯ ಪದಕ್ಕೂ ಸಪ್ಪೆ ಪದಕ್ಕೂ ವ್ಯತ್ಯಾಸ ಬಲ್ಲವರಾಗಿದ್ದರು, ಏಕೆಂದರೆ ಅವರು ಬದುಕಿಡೀ ಕೇಳಿದವರು.

ಹಾಸನದಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಬಗೆ ಈಗಲೂ ಉಳಿದಿದೆ. ಬರಹಗಾರ ಗೊರೂರು ಅನಂತರಾಜು ಅವರು ಸಂಚಾಲಕರಾಗಿ ನಡೆಸಿಕೊಂಡು ಬಂದ 'ಮನೆ ಮನೆ ಕವಿಗೋಷ್ಠಿ'. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಕೂಟವಿದು. ನನ್ನ ಲೆಕ್ಕದಲ್ಲಿ ಷಿಕಾಗೊದವನ ಉಪಾಯಕ್ಕಿಂತ ಇದು ಆಳವಾದದ್ದು. ಯಾರದೋ ಮನೆಯ ನಡುಮನೆಯಲ್ಲಿ ಕೂತವನು ತನ್ನ ಕವನ ಓದಿದ ಕೂಡಲೇ ಎದ್ದು ಹೋಗಲಾರ; ಮನೆಯವರ ಮರ್ಯಾದೆ ಅವನನ್ನು ಕೂರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆ ಮನೆಯ ಅಜ್ಜಿ, ಪಕ್ಕದ ಮನೆಯ ಹುಡುಗ, ಕಾಫಿ ತಂದುಕೊಟ್ಟು ಬಾಗಿಲ ಬಳಿ ನಿಂತ ಸೊಸೆ ಎಲ್ಲರೂ ಕೇಳುಗರಾಗುತ್ತಾರೆ. ಸಾಹಿತ್ಯ ಭವನಕ್ಕೆ ಇವರು ಯಾರೂ ಬರುವವರಲ್ಲ.

ಸ್ಲ್ಯಾಮ್‌ನ ಅಂಕದ ಬಗ್ಗೆ ನನಗೆ ಅಳುಕಿದೆ. ಮೂರು ನಿಮಿಷದಲ್ಲಿ ಗೆಲ್ಲುವುದು ಎತ್ತರದ ದನಿ, ಚಪ್ಪಾಳೆಗೆ ಹೊಂಚು ಹಾಕಿದ ಕೊನೆಯ ಸಾಲು. ಬೇಲೂರು ತಾಲ್ಲೂಕಿನ ದಬ್ಬೆಯ ವಿಜಯಾ ದಬ್ಬೆಯವರು 'ಇರುತ್ತವೆ', 'ನೀರು ಲೋಹದ ಚಿಂತೆ' ಸಂಕಲನಗಳಲ್ಲಿ ಬರೆದ ಕವನಗಳನ್ನು ನೆನೆಯಿರಿ. ಅವು ಕೂಗುವುದಿಲ್ಲ. ಒಂದು ಸಲ ಕೇಳಿದರೆ ಸಾಲದು, ಎರಡನೇ ಓದಿಗೆ ಮೈ ನಡುಗಿಸುತ್ತವೆ. ಅಂಥ ಕವಿತೆಗೆ ಐದು ಜನ ಐದು ಫಲಕ ಎತ್ತಿ ತೋರಿಸಿದರೆ ಅದು ಸೋಲಬಹುದು; ಮುಂದೆಂದೋ ಮನಸ್ಸಿಗೆ ಇಳಿಯಬಹುದಾಗಿದ್ದ ಕವಿತೆಯನ್ನು ಕೇಳುವವರೂ ಕಳೆದುಕೊಂಡಂತೆ. ಅಂಕ ಬೇಡ, ಕೇಳುವವನಿಗೆ ಬಾಯಿ ಇರಲಿ. 'ಇನ್ನೊಮ್ಮೆ ಓದಿ' ಎನ್ನುವ ಹಕ್ಕು, 'ಇದು ತಲುಪಲಿಲ್ಲ' ಎನ್ನುವ ಹಕ್ಕು ಅವನಿಗೆ ಬೇಕು.

ಕೇಳುಗರ ಬಲ ಎಷ್ಟೆಂಬುದಕ್ಕೆ ಕವಿ ಸಿದ್ಧಲಿಂಗಯ್ಯನವರಿಗಿಂತ ಬೇರೆ ಸಾಕ್ಷಿ ಬೇಡ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದ ಮೇಲೆ ಅವರ ಕವನಗಳು ಪುಸ್ತಕದಂಗಡಿಯಿಂದಾಚೆ ಮೆರವಣಿಗೆಗಳಲ್ಲಿ, ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಾಡಾದವು. ಕೊಳ್ಳಲು ಹಣವಿಲ್ಲದವರ ಬಾಯಲ್ಲೂ ಅವು ಉಳಿದವು. 2015ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಅವರೇ. ಬೊಪ್ಪಣ ಪಂಡಿತನ ಗೊಮ್ಮಟಸ್ತುತಿಯನ್ನು ಕಲ್ಲಿನ ಮೇಲೆ ಕಾಪಾಡಿಕೊಂಡ ಊರಿನಲ್ಲಿ, ಮೊದಲು ಬೀದಿಯಲ್ಲಿ ಕೇಳಿಸಿಕೊಂಡ ಕವಿಗೆ ಪಟ್ಟ. ಅದಕ್ಕೂ ಹಿಂದೆ, 1996ರ ಹಾಸನದ ಸಮ್ಮೇಳನಕ್ಕೆ ಚೆನ್ನವೀರ ಕಣವಿಯವರು ಅಧ್ಯಕ್ಷರಾಗಿದ್ದರು. ಸೌಮ್ಯ ದನಿಯ ಕವಿ. ಎರಡು ದನಿಗೂ ಈ ಜಿಲ್ಲೆ ಕಿವಿ ಕೊಟ್ಟಿದೆ.

ಹಾಗಾಗಿ ಈ ಜಿಲ್ಲೆಯ ಸಂಘಟಕರಿಗೆ ನನ್ನ ಬೇಡಿಕೆ ಇಷ್ಟು. ಓದುವವರು ಹತ್ತಕ್ಕಿಂತ ಹೆಚ್ಚು ಬೇಡ. ಸನ್ಮಾನ, ಆಶಯ ನುಡಿ, ವಂದನಾರ್ಪಣೆಗಳನ್ನು ಬಿಟ್ಟು ಆ ಹೊತ್ತನ್ನು ಕವನಕ್ಕೇ ಕೊಡಿ. ಪ್ರತಿ ಕವನದ ನಂತರ ಬರೆಯದ ಒಬ್ಬರು ಎರಡು ಮಾತು ಹೇಳಲಿ: ಯಾವ ಸಾಲು ನಿಂತಿತು, ಯಾವುದು ಜಾರಿತು. ಹೇಳುವವರು ಕಾಲೇಜಿನ ಹುಡುಗಿಯಾಗಲಿ, ಕಿರಾಣಿ ಅಂಗಡಿಯವರಾಗಲಿ. ಕವಿ ಅದನ್ನು ನಿಂತು ಕೇಳಿಸಿಕೊಳ್ಳಬೇಕು, ವಾದಿಸಬಾರದು. ಓದಲು ಹೆಸರು ಕೊಡುವ ಪ್ರತಿಯೊಬ್ಬರೂ ಎಂದೂ ಕವನ ಬರೆಯದ ಇಬ್ಬರನ್ನು ಜೊತೆಗೆ ಕರೆತರಬೇಕೆಂಬುದನ್ನು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ.