ತನ್ನವರ ಎದುರಿಗೆ ಆಡುವ ಮಾತು

ಕಲಬುರಗಿಯ ಮಗ್ಗುಲಲ್ಲಿ ತಾಜಸುಲ್ತಾನಪುರವೆಂಬ ಊರುಂಟು. ಆ ಹೆಸರನ್ನು ಒಮ್ಮೆ ಬಿಡಿಸಿ ನೋಡಿರಿ. ‘ತಾಜ’ ಎಂದರೆ ಕಿರೀಟ. ಅದು ಪಾರಸಿಯ ಮಾತು. ‘ಸುಲ್ತಾನ’ ಎಂಬುದು ಅರಬ್ಬಿಯದು. ‘ಪುರ’ ಸಂಸ್ಕೃತದ್ದು. ಮೂರನ್ನೂ ಒಂದೇ ಉಸಿರಿನಲ್ಲಿ ಕೂಡಿಸಿ ಹೇಳುವವರು ಕನ್ನಡಿಗರು. ಹೇಳುವಾಗ ಯಾವ ಅಕ್ಷರ ಯಾವ ಮತದವರದೆಂದು ಯಾರೂ ಕೇಳುವುದಿಲ್ಲ. ಪಕ್ಕದ ನಗರದಲ್ಲಿಯೂ ಹಾಗೆಯೇ. ಒಂದೆಡೆ ಖ್ವಾಜಾ ಬಂದೇನವಾಜರ ದರ್ಗಾ, ಇನ್ನೊಂದೆಡೆ ಶರಣಬಸವೇಶ್ವರರ ಗುಡಿ. ಉರುಸಿನ ಜನಸಂದಣಿಯಲ್ಲಿ ಹಿಂದೂಗಳನ್ನು ಕಾಣುವುದು ಇಲ್ಲಿ ಯಾರಿಗೂ ಸೋಜಿಗವಲ್ಲ.

ಆದರೆ ಒಟ್ಟಿಗೆ ಬಾಳುವುದು ಬೇರೆ, ಬಾಯಿಬಿಟ್ಟು ಮಾತನಾಡುವುದು ಬೇರೆ. ವಾಕ್‌ಸ್ವಾತಂತ್ರ್ಯದ ಪ್ರಸ್ತಾಪ ಬಂದೊಡನೆ, ಒಂದು ಮತದವನು ಇನ್ನೊಂದು ಮತವನ್ನು ಹಳಿಯುವ ಚಿತ್ರವೇ ನಮ್ಮ ಕಣ್ಣೆದುರಿಗೆ ನಿಲ್ಲುತ್ತದೆ. ಈ ನಾಡಿನ ಇತಿಹಾಸವನ್ನು ತಿರುವಿ ನೋಡಿದರೆ ಕಾಣುವ ಸಂಗತಿ ಬೇರೆಯೇ. ಹೆಚ್ಚಿನ ಬೆಲೆ ತೆತ್ತವರು ತಮ್ಮವರ ಎದುರಿಗೇ ನಿಂತು ಮಾತನಾಡಿದವರು.

ಫಕೀರನೂ ಸುಲ್ತಾನನೂ

ತೈಮೂರನ ದಂಡು ದಿಲ್ಲಿಯನ್ನು ಸೂರೆಗೊಂಡ ತರುವಾಯ, 1400ರ ಸುಮಾರಿಗೆ, ವಯೋವೃದ್ಧರಾಗಿದ್ದ ಬಂದೇನವಾಜ ಗೇಸುದರಾಜರು ಕಲಬುರಗಿಗೆ ಬಂದರು. ಆಗ ಆಳುತ್ತಿದ್ದವನು ಬಹಮನಿ ಸುಲ್ತಾನ ಫಿರೋಜಶಹ. ಅವನು ಅವರನ್ನು ಆದರದಿಂದ ಬರಮಾಡಿಕೊಂಡನು. ಆದರೆ ಆ ಆದರ ಬಹುಕಾಲ ಉಳಿಯಲಿಲ್ಲ. ಇತಿಹಾಸಕಾರ ಫೆರಿಷ್ತಾ ಹೇಳುವಂತೆ, ತನ್ನ ಮಗನನ್ನು ಉತ್ತರಾಧಿಕಾರಿಯೆಂದು ಹರಸಬೇಕೆಂದು ಸುಲ್ತಾನನು ಕೇಳಿಕೊಂಡಾಗ ಫಕೀರರು ಒಪ್ಪಲಿಲ್ಲ. ರಾಜ್ಯ ತಮ್ಮನಾದ ಅಹಮದನಿಗೆ ಸಲ್ಲಬೇಕಾದುದೆಂದು ನುಡಿದರು. ಕೋಟೆಯ ಸಮೀಪದಲ್ಲಿ ಜನ ನೆರೆಯುವುದು ಸರಿಯಲ್ಲವೆಂಬ ನೆಪದ ಮೇಲೆ ಅವರು ಅಲ್ಲಿಂದ ಕದಲಬೇಕಾಯಿತು. 1422ರಲ್ಲಿ ಅಹಮದನೇ ಪಟ್ಟಕ್ಕೆ ಬಂದನು. ಅದೇ ವರ್ಷ ಬಂದೇನವಾಜರೂ ಕಾಲವಾದರು. ಫಕೀರನೂ ಸುಲ್ತಾನನೂ ಒಂದೇ ಧರ್ಮದವರು. ನಡುವೆ ಇದ್ದುದು ಧರ್ಮದ ಪ್ರಶ್ನೆಯಲ್ಲ, ಗದ್ದುಗೆಗೆ ಬೇಡವಾದ ಒಂದು ಮಾತು.

‘ಇಮ್ರೋಜ್’ ಸಂಪಾದಕ

ಐದು ಶತಮಾನಗಳು ಉರುಳಿದವು. ಕಲಬುರಗಿ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1947ರಲ್ಲಿ ದೇಶ ಸ್ವತಂತ್ರವಾದರೂ ಸಂಸ್ಥಾನವು ಭಾರತದೊಡನೆ ಕೂಡಲಿಲ್ಲ. ರಜಾಕಾರರ ಹಾವಳಿಯ ಆ ದಿನಗಳಲ್ಲಿ ಹೈದರಾಬಾದು ನಗರದಲ್ಲಿ ಶೋಯೆಬುಲ್ಲಾ ಖಾನರೆಂಬ ತರುಣ ಪತ್ರಕರ್ತರು ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯನ್ನು ನಡೆಸುತ್ತಿದ್ದರು. ಸಂಸ್ಥಾನವು ಭಾರತದಲ್ಲಿ ವಿಲೀನವಾಗಬೇಕೆಂದೂ, ರಜಾಕಾರರ ಹಿಂಸೆ ನಿಲ್ಲಬೇಕೆಂದೂ ಅವರು ಬರೆದರು. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಕಚೇರಿಯಿಂದ ಮನೆಗೆ ಮರಳುತ್ತಿದ್ದಾಗ ಅವರ ಕೊಲೆಯಾಯಿತು. ಬರೆದ ಕೈಯನ್ನೂ ಕಡಿದುಹಾಕಿದರು. ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಕೊಂದವರು ಧರ್ಮರಕ್ಷಣೆಯ ಹೆಸರು ಹೇಳುತ್ತಿದ್ದವರು. ಸತ್ತವರೂ ಅದೇ ಧರ್ಮದ ಮಗ. ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ್ 17ರಂದು, ನಿಜಾಮರ ಆಡಳಿತ ಕೊನೆಗೊಂಡಿತು.

ಗದ್ದುಗೆಯ ಜಾಗದಲ್ಲಿ ಗುಂಪು

1950ರಲ್ಲಿ ಸಂವಿಧಾನ ಬಂದಿತು. ಹತ್ತೊಂಬತ್ತನೆಯ ವಿಧಿ ಮಾತಿನ ಹಕ್ಕನ್ನೂ, ಇಪ್ಪತ್ತೈದನೆಯ ವಿಧಿ ಧರ್ಮದ ಹಕ್ಕನ್ನೂ ಕೊಟ್ಟವು. ಸುಲ್ತಾನನಿಲ್ಲ, ನಿಜಾಮನಿಲ್ಲ, ಇನ್ನು ಭಯವೇಕೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಸಹಜವೇ. ಆದರೆ ಗದ್ದುಗೆ ತೆರವಾದ ಜಾಗಕ್ಕೆ ಗುಂಪು ಬಂದು ಕುಳಿತಿತು.

ಕಲಬುರಗಿಯ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತಿದ್ದ ಧಾರವಾಡದ ವಿದ್ವಾಂಸರು ಡಾ. ಎಂ. ಎಂ. ಕಲಬುರ್ಗಿ. ವಚನಗಳನ್ನೂ ಶಾಸನಗಳನ್ನೂ ಸೋಸಿ, ಹನ್ನೆರಡನೆಯ ಶತಮಾನದ ಶರಣರ ಬಾಳಿನ ಕೆಲವು ಸಂಗತಿಗಳ ಬಗೆಗೆ ‘ಮಾರ್ಗ’ ಸಂಪುಟದಲ್ಲಿ ಅವರು ಬರೆದುದು ತಮ್ಮ ಸಮಾಜದಲ್ಲಿಯೇ ಹಲವರನ್ನು ಕೆರಳಿಸಿತು. 1989ರಲ್ಲಿ ಒತ್ತಡಕ್ಕೆ ಮಣಿದು ಬರೆದುದನ್ನು ಹಿಂದೆಗೆದುಕೊಂಡರು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆನೆಂದೂ, ಅಂದು ತಮ್ಮದು ಬೌದ್ಧಿಕ ಆತ್ಮಹತ್ಯೆಯಾಯಿತೆಂದೂ ಆಮೇಲೆ ನೊಂದು ನುಡಿದರು. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರ ಬೆಳಗ್ಗೆ, ಮನೆಯ ಬಾಗಿಲಿಗೆ ಬಂದವರು ಅವರಿಗೆ ಗುಂಡಿಕ್ಕಿದರು.

ಅವರು ಬರೆದುದನ್ನು ಹಿಂದೆಗೆದುಕೊಂಡ ಆ 1989ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ತಮಿಳು ಚಿತ್ರವೊಂದರ ಮೊಕದ್ದಮೆಯಲ್ಲಿ ಒಂದು ಮುಖ್ಯ ಮಾತನ್ನು ಹೇಳಿತು. ಗಲಭೆಯ ಬೆದರಿಕೆ ಇದೆಯೆಂದು ಮಾತನ್ನು ಅಡಗಿಸಲಾಗದು. ರೇಗಿದ ಗುಂಪನ್ನು ನಿಭಾಯಿಸಲು ತನ್ನಿಂದಾಗದೆಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂಬುದೇ ಅದರ ಸಾರ.

ಆದರೂ ಪ್ರಶ್ನೆ ಸರಳವಲ್ಲ. ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿ ಬಸವಣ್ಣನವರ ಕಾಲವನ್ನು ಕುರಿತದ್ದು. ಅದರಿಂದ ಭಾವನೆಗಳಿಗೆ ನೋವಾಯಿತೆಂದು ದೂರು ಬಂದಾಗ ಕರ್ನಾಟಕ ಸರ್ಕಾರವು ಅದನ್ನು ಮುಟ್ಟುಗೋಲು ಹಾಕಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಭಕ್ತರ ನೋವು ಸುಳ್ಳೆಂದು ತಳ್ಳಿಹಾಕುವುದು ಅನ್ಯಾಯ. ತಾಯಿಯಂತೆ ಪೂಜಿಸುವವರ ಬಗೆಗೆ ಒರಟು ಮಾತು ಕೇಳಿದರೆ ಯಾರ ಮನಸ್ಸು ತಾನೆ ನೋಯದು? ಆದುದರಿಂದಲೇ ಕಾನೂನು, ಬೇಕೆಂದೇ ದುರುದ್ದೇಶದಿಂದ ಮಾಡಿದ ಧರ್ಮನಿಂದೆಯನ್ನು ಮಾತ್ರ ಅಪರಾಧವೆನ್ನುತ್ತದೆ. ನೋವು ಒಂದು, ದುರುದ್ದೇಶ ಇನ್ನೊಂದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸಂಶೋಧಕನೂ ಕಿಡಿಗೇಡಿಯೂ ಸಮನಾಗಿಬಿಡುತ್ತಾರೆ.

ಇಲ್ಲಿ ರಾಜಕಾರಣದ ಗಂಟೊಂದಿದೆ. ಸುಲ್ತಾನನಿಗೆ ಮತ ಬೇಕಿರಲಿಲ್ಲ. ಚುನಾಯಿತ ಸರ್ಕಾರಕ್ಕೆ ಬೇಕು. ಕೂಗುವ ಗುಂಪಿನಲ್ಲಿ ತಲೆಗಳನ್ನು ಎಣಿಸಬಹುದು. ಒಂಟಿಯಾಗಿ ಕುಳಿತು ಬರೆಯುವವನು ಎಣಿಕೆಗೆ ಒಂದೇ ತಲೆ. ಪ್ರಜಾಪ್ರಭುತ್ವದಲ್ಲಿ ಆ ಒಂದು ತಲೆಯನ್ನು ಕಾಯುವವರಾರು? ಪೊಲೀಸರು, ನ್ಯಾಯಾಲಯ ಸರಿಯೆ. ಅದಕ್ಕೂ ಮೊದಲು ಕಾಯಬೇಕಾದವರು ಅವನ ಸ್ವಂತ ಜನ. ಪರಧರ್ಮದವರು ಬಾಯಿಬಿಟ್ಟರೆ ಜಗಳಕ್ಕೆ ನಿಲ್ಲುವ ನಾವು, ನಮ್ಮವನೇ ಒಂದು ಸಂದೇಹ ಎತ್ತಿದಾಗ ಏನು ಮಾಡುತ್ತೇವೆ? ಪುಸ್ತಕವನ್ನು ಓದುತ್ತೇವೆಯೇ, ಓದದೆಯೇ ಸುಡುತ್ತೇವೆಯೇ? ಬರೆದುದು ತಪ್ಪಾಗಿದ್ದರೆ ಇನ್ನೊಂದು ಪುಸ್ತಕ ಬರೆದು ಖಂಡಿಸಬಹುದು. ಕನ್ನಡ ವಿದ್ವತ್ತಿನಲ್ಲಿ ಅದಕ್ಕೆ ಬರವೇನೂ ಇಲ್ಲ.

ತಾಜಸುಲ್ತಾನಪುರದ ಹೆಸರಿನಲ್ಲಿ ಇಂದಿಗೂ ಕಿರೀಟವಿದೆ, ಸುಲ್ತಾನನಿದ್ದಾನೆ. ಆದರೆ ಆ ಹೆಸರಿಗೆ ಇಂದು ಯಾರೂ ಹೆದರುವುದಿಲ್ಲ. ಮನೆಯ ಮಗ ಊಟದ ಹೊತ್ತಿನಲ್ಲಿ ತನ್ನ ಮತದ ಬಗೆಗೆ ಒಂದು ಪ್ರಶ್ನೆ ಕೇಳಿದಾಗ ಹಿರಿಯರು ಗದರದೆ ಉತ್ತರ ಕೊಟ್ಟಾರೆಯೆ? ವಾಕ್‌ಸ್ವಾತಂತ್ರ್ಯದ ಮೊದಲ ಪರೀಕ್ಷೆ ವಿಧಾನಸೌಧದಲ್ಲಿ ಅಲ್ಲ, ಆ ಅಡಿಗೆಮನೆಯಲ್ಲಿ ನಡೆಯುತ್ತದೆ.